ಚಪಡಾದ ಮೊದಲ ಕೈ

ಹುಬ್ಬಳ್ಳಿಯ ಯಾವುದೇ ಬಣ್ಣದಂಗಡಿಗೆ ಹೋಗಿ ಕಟ್ಟಿಗೆಗೆ ಸೀಲರ್ ಬೇಕು ಅಂದರೆ ಈಗ ಗಲ್ಲೆಯ ಮೇಲೆ ಬಂದು ಕೂರುವುದು ಒಂದು ಲೀಟರಿನ ತಗಡಿನ ಡಬ್ಬಿ, ಪಕ್ಕದಲ್ಲಿ ಒಂದು ಥಿನ್ನರ್ ಕ್ಯಾನು. ಚಪಡಾ ಇದೆಯೇ ಎಂದರೆ ಹುಡುಗ ಒಳಗಿನ ಹಿರಿಯರ ಕಡೆ ನೋಡುತ್ತಾನೆ. ಹಿರಿಯರು ಅಂದು ಅಂಗಡಿಗೆ ಬಂದಿದ್ದರೆ ಮೂಲೆಯ ಚೀಲದಿಂದ ಬೊಗಸೆ ಚೂರು ತೆಗೆದು ತೂಗಿ ಕೊಟ್ಟಾರು. ಬಂದಿರದಿದ್ದರೆ ‘ಆನ್‌ಲೈನ್ ತರಿಸ್ಕೋರಿ’ ಎಂಬ ಉತ್ತರ ಸಿಗುತ್ತದೆ.

1970ರ ದಶಕದಲ್ಲಿ ಇದೇ ಪೇಟೆಯಲ್ಲಿ ಸೀಲರ್ ಎಂಬ ಬೇರೆ ಸಾಮಾನು ಇರಲಿಲ್ಲ. ಅಪ್ಪನದು ಕುರ್ಚಿ, ಮೇಜು, ಕಪಾಟು ಮಾಡುವ ಸಣ್ಣ ಅಂಗಡಿ. ದಾಂಡೇಲಿ ಡಿಪೋದ ಸಾಗವಾನಿ ಬರುತ್ತಿತ್ತು. ಬಡಿಗೇರರು ರಂದಾ ಹೊಡೆದು ಕೂಡಿಸುತ್ತಿದ್ದರು. ಕೂಡಿಸಿದ್ದು ಹಿಂದಿನ ಕೋಣೆಗೆ, ಪಾಲಿಶ್ ಉಸ್ತಾದರ ಕೈಗೆ ಹೋಗುತ್ತಿತ್ತು. ಉಸ್ತಾದರು ಕೆಲಸ ಕಲಿತದ್ದು ರೈಲ್ವೆ ವರ್ಕ್‌ಶಾಪಿನಲ್ಲಿ. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಹುಬ್ಬಳ್ಳಿಯಲ್ಲಿರುವ ಆ ವರ್ಕ್‌ಶಾಪು ಮರದ ಬೋಗಿಗಳಿಗೆ ಪಾಲಿಶ್ ಹಚ್ಚುತ್ತಿದ್ದ ದಿನಗಳಲ್ಲಿ ಊರಿಗೆ ಅನೇಕ ಕುಶಲಕರ್ಮಿಗಳನ್ನು ಕೊಟ್ಟಿದೆ. ನಮ್ಮ ಉಸ್ತಾದರು ಅಲ್ಲಿಂದ ತಂದ ಪದ್ಧತಿಯಲ್ಲಿ ಒಂದು ಹೆಜ್ಜೆಯನ್ನೂ ಬಿಡುತ್ತಿರಲಿಲ್ಲ.

ಚಪಡಾ ಎಂದರೆ ಅರಗಿನ ತೆಳು ಚೂರು, ಇಂಗ್ಲಿಷಿನವರ ಶೆಲ್ಲಾಕ್. ಅದನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿದರೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಗಾಜಿನ ಅಥವಾ ಪಿಂಗಾಣಿ ಬರಣಿಯಲ್ಲೇ ನೆನೆಹಾಕಬೇಕು. ಕಬ್ಬಿಣದ ಪಾತ್ರೆಯಲ್ಲಿ ಇಟ್ಟರೆ ಅರಗಿನ ಆಮ್ಲ ಕಬ್ಬಿಣವನ್ನು ತಿಂದು ದ್ರಾವಣ ಕಪ್ಪಾಗುತ್ತದೆ. ಉಸ್ತಾದರು ತೂಕ ಮಾಡಿದ್ದನ್ನು ನಾನು ನೋಡಿಲ್ಲ. ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ಹೇಳುತ್ತಿದ್ದರು. ಇವತ್ತು ಗ್ರಾಂ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಚಪಡಾ ಹಾಕಿದರೆ ತೆಳುವು, 240 ಗ್ರಾಂ ಹಾಕಿದರೆ ಸಾಧಾರಣ ಗಟ್ಟಿ. ಅವರ ಮೊದಲ ಕೈ, ಅಂದರೆ ಹಲಗೆಗೆ ಹಚ್ಚುವ ಮೊದಲ ಪದರ, 120ರ ಆಸುಪಾಸಿನದೇ ಇರಬೇಕು.

‘ಏ ತಮ್ಮಾ, ಮೊದಲ ಕೈ ನೀರಿನಂಗ ಇರಬೇಕು. ಗಟ್ಟಿ ಹೊಡದ್ರ ಮ್ಯಾಲ ಕುಂಡರ್ತೈತಿ, ಒಳಗ ಇಳ್ಯಾಂಗಿಲ್ಲ.’

ಇಳಿಯುವುದೊಂದೇ ಅದರ ಕೆಲಸವಲ್ಲ. ಸ್ಪಿರಿಟ್ ನಿಮಿಷಗಳಲ್ಲಿ ಆರಿಹೋಗುತ್ತದೆ. ರಂದಾದ ಕೈಗೆ ಸಿಗದೆ ಮಲಗಿದ್ದ ಎಳೆಗಳು ನಿಮಿರಿ ನಿಲ್ಲುತ್ತವೆ. ಅರಗು ಅವನ್ನು ನಿಂತಲ್ಲೇ ಬಿರುಸಾಗಿಸುತ್ತದೆ. ಆಮೇಲೆ ಹಳೆಯ ನುಣುಪು ಪಾಲಿಶ್ ಪೇಪರ್‌ನಲ್ಲಿ ಒಮ್ಮೆ ಎಳೆದರೆ ಎಲ್ಲ ಪುಡಿಯಾಗಿ ಉದುರಿ ಹಲಗೆ ಗಾಜಿನಷ್ಟು ಸಪಾಟಾಗುತ್ತದೆ. ಮೇಲಾಗಿ ಮರದ ರಂಧ್ರಗಳ ಬಾಯಿ ಅರ್ಧ ಮುಚ್ಚಿರುವುದರಿಂದ ಮುಂದೆ ಹಚ್ಚುವ ಬಣ್ಣ ಒಂದು ಕಡೆ ಕಪ್ಪು, ಒಂದು ಕಡೆ ತೆಳುವು ಎಂದು ಮಚ್ಚೆಯಾಗುವುದಿಲ್ಲ. ಈಗಿನ ಡಬ್ಬಿಯ ಸೀಲರ್ ಮಾಡುವುದೂ ಇದನ್ನೇ.

ಮೊದಲ ಕೈ ಆದ ಮೇಲೆ ರಂಧ್ರ ತುಂಬುವ ಕೆಲಸ. ಸೀಮೆಸುಣ್ಣದ ಪುಡಿ, ಬಣ್ಣಕ್ಕೆ ಒಂದಿಷ್ಟು ಹುರಮಂಜು, ಬರಣಿಯ ತಳದ ಗಸಿ ಮೂರನ್ನೂ ಕಲಸಿ ಅಡ್ಡಡ್ಡ ತಿಕ್ಕುತ್ತಿದ್ದರು. ಆ ಗಸಿಯ ವಿಷಯಕ್ಕೆ ಮುಂದೆ ಬರುತ್ತೇನೆ. ಅದರ ಮೇಲೆ ಹತ್ತಿಯನ್ನು ಒಳಗಿಟ್ಟು ಹಳೆ ಧೋತರದ ಅರಿವೆ ಸುತ್ತಿದ ಉಂಡೆ. ಉಂಡೆಗೆ ಪಾಲಿಶ್ ಕುಡಿಸಿ, ಅಂಟಿಕೊಳ್ಳದಿರಲಿ ಎಂದು ಅಗಸೆ ಎಣ್ಣೆಯ ಒಂದು ಹನಿ ಮುಟ್ಟಿಸಿ, ಎಂಟರ ಆಕಾರದಲ್ಲಿ ತಿರುಗಿಸುತ್ತ ಹೋಗುವುದು. ಒಂದೇ ಕಡೆ ಅರೆಗಳಿಗೆ ನಿಂತರೂ ಉಂಡೆ ಕಚ್ಚಿಕೊಂಡು ಕೆಳಗಿನ ಪದರ ಕಿತ್ತು ಬರುತ್ತದೆ. ಒಂದು ಮೇಜಿಗೆ ವಾರ ಹಿಡಿಯುವುದು ಸಾಮಾನ್ಯ.

ಚಪಡಾ ಎಲ್ಲಿಂದ ಬರುತ್ತದೆ ಎಂದರೆ ಅಪ್ಪ ‘ಕಲಕತ್ತಾ ಮಾಲು’ ಎನ್ನುತ್ತಿದ್ದರು. ನಿಜಕ್ಕೂ ಅದು ಬರುವುದು ಇಂದಿನ ಜಾರ್ಖಂಡ್, ಛತ್ತೀಸಗಢ, ಮಧ್ಯಪ್ರದೇಶ, ಪಶ್ಚಿಮ ಬಂಗಾಳದ ಪುರುಲಿಯಾ ಕಡೆಯ ಕಾಡಂಚಿನ ಹಳ್ಳಿಗಳಿಂದ. ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆ ಟೊಂಗೆಗಳ ರಸ ಹೀರುವ ಕೆರಿಯಾ ಲಾಕಾ ಎಂಬ ಸಣ್ಣ ಕೀಟ ತನ್ನ ಮೈಸುತ್ತ ಕಟ್ಟಿಕೊಳ್ಳುವ ಹೊದಿಕೆ ಇದು. ಟೊಂಗೆಯಿಂದ ಕೆರೆದು, ಒಡೆದು, ತೊಳೆದು ಕೆಂಪು ಬಣ್ಣ ಹೋಗಿಸಿದರೆ ಕಾಳು ಅರಗು. ಅದನ್ನು ಉದ್ದನೆಯ ಬಟ್ಟೆಚೀಲದಲ್ಲಿ ತುಂಬಿ, ಇದ್ದಿಲ ಬೆಂಕಿಯ ಎದುರು ತಿರುಚುತ್ತಾರೆ. ಕರಗಿ ಹೊರಬಂದದ್ದನ್ನು ಕೈ, ಕಾಲು, ಹಲ್ಲು ಎಲ್ಲದರಿಂದ ಹಿಡಿದು ಹಾಳೆಯಾಗಿ ಎಳೆಯುತ್ತಾರೆ. ಹಾಳೆ ತಣ್ಣಗಾದ ಮೇಲೆ ಒಡೆದರೆ ಚಪಡಾ. ಎಳೆಯದೆ ಬಿಲ್ಲೆಯಾಗಿ ಸುರಿದರೆ ಬಟನ್ ಲಾಕ್. ಈಗ ಯಂತ್ರಗಳು ಬಂದಿವೆ, ಭಟ್ಟಿಯ ಕೆಲಸ ಪೂರ್ತಿ ನಿಂತಿಲ್ಲ. ಈ ಬೆಳೆಯ ಮೇಲೆ ಸಂಶೋಧನೆ ಮಾಡಲು ರಾಂಚಿ ಬಳಿಯ ನಾಮಕುಮ್‌ನಲ್ಲಿ 1924ರಲ್ಲೇ ಒಂದು ಸಂಸ್ಥೆ ಹುಟ್ಟಿತು ಎಂದರೆ ಅಂದಿನ ಸರ್ಕಾರಕ್ಕೆ ಅದರ ಬೆಲೆ ಗೊತ್ತಿತ್ತು ಅಂತಲೇ. ಬೆಲೆ ಗೊತ್ತಿರುವುದಕ್ಕೆ ಒಂದು ದೊಡ್ಡ ಕಾರಣ ಗ್ರಾಮಾಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಪ್ಪು ತಟ್ಟೆಗಳನ್ನು ಅರಗು ಮತ್ತು ಕಲ್ಲಿನ ಪುಡಿ ಬೆರೆಸಿ ಒತ್ತುತ್ತಿದ್ದರು. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಧ್ವನಿಮುದ್ರಿಕೆಗಳು ಇಳಿದದ್ದೂ ಈ ಕೀಟದ ಹೊದಿಕೆಯ ಮೇಲೆಯೇ.

ಅರಗಿನಲ್ಲಿ ಎರಡು ಜಾತಿ. ಸಾಗಡೆ ಮರದ್ದು ಕುಸ್ಮಿ, ಮುತ್ತುಗ ಮತ್ತು ಬೋರೆಯದ್ದು ರಂಗೀನಿ. ಕುಸ್ಮಿಯ ಬಣ್ಣ ತೆಳುವು, ದರ ಹೆಚ್ಚು. ಅಂಗಡಿಗೆ ಬರುತ್ತಿದ್ದದ್ದು ಹೆಚ್ಚಾಗಿ ಗಾಢ ಕೇಸರಿಯದು. ಸಾಗವಾನಿಗೆ ಅದೇ ಹೊಂದುತ್ತಿತ್ತು, ಯಾರೂ ಬೇರೆ ಕೇಳುತ್ತಿರಲಿಲ್ಲ.

ಕಲಬೆರಕೆ ಆಗಲೂ ಇತ್ತು. ಹಳೆಯದೆಲ್ಲ ಶುದ್ಧ ಎನ್ನುವವರಿಗೆ ಹೇಳಬೇಕಾದ ಮಾತಿದು. ಅಗ್ಗದ ರಾಳ ಬೆರೆಸಿದ ಚಪಡಾ ಪೇಟೆಯಲ್ಲಿ ಧಾರಾಳ ಸಿಗುತ್ತಿತ್ತು; ಹಚ್ಚಿದ ದಿನ ಹೊಳೆದು, ಬೇಸಿಗೆಯಲ್ಲಿ ಅಂಗಿಗೆ ಅಂಟಿಕೊಳ್ಳುವ ಕುರ್ಚಿಗಳೆಲ್ಲ ಅದರ ಫಲ. ಅದಕ್ಕೂ ಹಿಂದಿನ ಕಾಲದಲ್ಲಿ ಬಣ್ಣ ತಿಳಿ ಹಳದಿ ಕಾಣಲೆಂದು ಹರಿತಾಳವನ್ನು ಸೇರಿಸುವ ರೂಢಿ ಇತ್ತು. ಹರಿತಾಳ ಎಂದರೆ ಆರ್ಸೆನಿಕ್‌ನ ಸಂಯುಕ್ತ. ಈಗ ಅರಗಿನ ಡಬ್ಬಿಯ ಮೇಲೆ ‘ಪೂರ್ಣ ನೈಸರ್ಗಿಕ’ ಎಂದು ಎಲೆಯ ಚಿತ್ರ ಹಾಕಿ ಮಾರುವುದನ್ನು ಕಂಡಾಗ ಇದು ನೆನಪಾಗುತ್ತದೆ. ಶುದ್ಧ ಅರಗು ನಿರಪಾಯಕಾರಿ ಎನ್ನುವುದು ಸತ್ಯ. ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಇ904 ಎಂಬ ಸಂಖ್ಯೆಯಲ್ಲಿ ಇರುವುದೂ ಅದೇ. ನಮ್ಮ ಪಕ್ಕದ ಕಲಘಟಗಿಯ ತೊಟ್ಟಿಲುಗಳಿಗೆ, ಚನ್ನಪಟ್ಟಣದ ಗೊಂಬೆಗಳಿಗೆ ಅರಗಿನ ಬಣ್ಣ ಕೂರಿಸುವ ರೂಢಿಯೂ ಹಳೆಯದು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಆ ತಿಕ್ಕಾಟದ ಬಿಸಿಯಲ್ಲೇ ಕರಗಿಸಿ ಹಚ್ಚುವುದರಿಂದ ಸ್ಪಿರಿಟ್‌ನ ಹಂಗೇ ಇಲ್ಲ. ಪಾಲಿಶ್ ಕೋಣೆಯಲ್ಲಿ ಸ್ಪಿರಿಟ್ ಇತ್ತು, ತೊಂದರೆ ಎಲ್ಲ ಅದರದ್ದೇ.

ಕುಡಿಯಬಾರದೆಂದು ಮೆಥನಾಲ್ ಬೆರೆಸಿದ ಸ್ಪಿರಿಟ್ ಅದು. ಆದರೂ ಕುಡಿಯುತ್ತಿದ್ದರು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಪ್ರಾಂತದಲ್ಲಿ ಪಾನನಿಷೇಧ. ಶೆರೆ ಸಿಗದ ಊರಿನಲ್ಲಿ ಪಾಲಿಶ್ ಅಂಗಡಿಯ ಬರಣಿಗೆ ಕಣ್ಣು ಬೀಳುವುದು ಸಹಜ. 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ವ್ಯಾಖ್ಯೆಗಳಲ್ಲಿ ಫ್ರೆಂಚ್ ಪಾಲಿಶ್‌ನ (ಈ ಸ್ಪಿರಿಟ್ ಪಾಲಿಶ್‌ಗೇ ಆ ಹೆಸರು) ಹೆಸರು ಬಿಡಿಸಿ ಬರೆದಿರುವುದನ್ನು ನೋಡಿದರೆ ಇದು ಹುಬ್ಬಳ್ಳಿಯ ಒಂದು ಓಣಿಯ ಕಥೆಯಲ್ಲ ಎಂದು ತಿಳಿಯುತ್ತದೆ. ನನ್ನ ಕಾಲಕ್ಕೆ ನಿಷೇಧ ಹೋಗಿತ್ತು, ಅಪ್ಪನ ಅಭ್ಯಾಸ ಹೋಗಿರಲಿಲ್ಲ. ಸಂಜೆ ಬರಣಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಯೇ ಮನೆಗೆ ಬರುತ್ತಿದ್ದರು. ಉಸ್ತಾದರು ಕುಡಿಯುವವರಲ್ಲ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಧೂಳು ಬೀಳದಂತೆ ದಿನವಿಡೀ ಅದರ ಆವಿಯಲ್ಲೇ ಕೂರುತ್ತಿದ್ದರು. ತಲೆನೋವು ಅವರಿಗೆ ನಿತ್ಯದ್ದು, ಕೈಚರ್ಮ ಬಿರುಕು ಬಿಟ್ಟು ಕಂದಿತ್ತು. ಕೂಲಿ ದಿನದ್ದಲ್ಲ, ಸಾಮಾನಿನದ್ದು. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಪಾಲಿಶ್ ಮೇಲೆ ಬಿಳಿ ಮಬ್ಬು ಬರುತ್ತಿತ್ತು. ಸ್ಪಿರಿಟ್ ಆರುವಾಗ ಹಲಗೆಯ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದು ಅದಕ್ಕೆ ಕಾರಣ. ಹಾಗಾಗಿ ಮಳೆಗಾಲದಲ್ಲಿ ಕೆಲಸ ನಿಲ್ಲುತ್ತಿತ್ತು, ಕೂಲಿಯೂ.

ಇಷ್ಟೆಲ್ಲ ಮಾಡಿ ಕೊಟ್ಟ ಮೇಜು ಗಿರಾಕಿಯ ಮನೆಯಲ್ಲಿ ಬಿಸಿ ಚಹಾದ ಒಂದು ಲೋಟಕ್ಕೆ ಸೋಲುತ್ತಿತ್ತು. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಲೋಟದ ತಳ ಬಿಳಿ ಉಂಗುರ ಬಿಟ್ಟೇ ಏಳುತ್ತದೆ. ನೀರು ಚೆಲ್ಲಿ ಒರೆಸದೆ ಬಿಟ್ಟರೂ ಅದೇ ಗತಿ. ಸೋಡಾ ಹಾಕಿದ ನೀರಿನಲ್ಲಿ ಒರೆಸಿದರಂತೂ ಪಾಲಿಶ್ ಎದ್ದೇ ಬರುತ್ತದೆ, ಕ್ಷಾರಕ್ಕೆ ಅರಗು ಕರಗುವುದರಿಂದ. ಗಿರಾಕಿಗಳು ಬೈಯುತ್ತಿದ್ದರು, ಬೈಯುವುದು ನ್ಯಾಯವಾಗಿತ್ತು. ಸನ್‌ಮೈಕಾ ಬಂದಾಗ ಜನ ಅದಕ್ಕೆ ಮುಗಿಬಿದ್ದದ್ದನ್ನು ಅಭಿರುಚಿ ಕೆಟ್ಟಿತು ಎಂದು ಬರೆಯುವವರು ಅಡುಗೆಮನೆಯ ಮೇಜನ್ನು ತಾವೇ ಒರೆಸಿ ನೋಡಿದವರಲ್ಲ. ಊಟದ ಮೇಜಿನ ಮೇಲ್ಮೈಗೆ ಅರಗು ತಕ್ಕದ್ದಲ್ಲ. ಆಗಲೂ ತಕ್ಕದ್ದಾಗಿರಲಿಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೆ.

1980ರ ದಶಕ ಕಳೆಯುವಷ್ಟರಲ್ಲಿ ನಮ್ಮ ಓಣಿಗೆ ಕಂಪ್ರೆಸರ್ ಮತ್ತು ಸ್ಪ್ರೇ ಗನ್ ಬಂದವು. ನೈಟ್ರೋಸೆಲ್ಯುಲೋಸ್ ಸೀಲರ್, ಅದರ ಮೇಲೆ ಲ್ಯಾಕರ್, ಆಮೇಲೆ ಮೆಲಮೈನ್, ಈಗ ಎರಡು ಡಬ್ಬಿ ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್. ವಾರದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಬಿಸಿ ಲೋಟ, ನೀರು ಯಾವುದಕ್ಕೂ ಪಿಯು ಜಗ್ಗುವುದಿಲ್ಲ. ಸ್ಪಿರಿಟ್ ಪಾಲಿಶ್ ಸೋತದ್ದು ಸರಿಯಾಗಿಯೇ ಸೋತಿತು. ನನ್ನ ತಕರಾರು ಅದರ ಬಗ್ಗೆ ಅಲ್ಲ. ಮೇಲಿನ ಹೊಳಪಿಗೆ ಅರಗು ಬೇಡವಾದ ದಿನವೇ ಕೆಳಗಿನ ಮೊದಲ ಕೈಗೂ ಬೇಡವಾಯಿತು. ಎರಡೂ ಬೇರೆ ಬೇರೆ ಕೆಲಸ. ಎರಡನೆಯದರಲ್ಲಿ ಅದನ್ನು ಮೀರಿಸುವ ಡಬ್ಬಿ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

ಬ್ಯಾಂಕ್ ನೌಕರಿ ಮುಗಿದ ಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಮತ್ತೆ ರಂದಾ ಹಿಡಿದಿದ್ದೇನೆ. ಈಗಿನ ಕಟ್ಟಿಗೆ ಅಪ್ಪನ ಕಾಲದ್ದಲ್ಲ. ಪೆಟ್ಟಿಗೆ ಒಡೆದು ಬಂದ ಪೈನ್, ಕೇರಳ ಕಡೆಯ ರಬ್ಬರ್ ಮರ, ಯಾರದೋ ಹಳೆ ಮನೆಯ ಸೀಸಂ ಬಾಗಿಲು. ಒಂದೊಂದರದ್ದು ಒಂದೊಂದು ರಗಳೆ. ಪೈನ್ ಗಂಟುಗಳಿಂದ ರಾಳ ಒಸರಿ ತಿಂಗಳುಗಳ ಮೇಲೂ ಪೇಂಟ್ ಹಳದಿಯಾಗುತ್ತದೆ. ಗಂಟಿಗೆ ಎರಡು ಸಲ ಅರಗು ಮುಟ್ಟಿಸಿದರೆ ನಿಲ್ಲುತ್ತದೆ. ಹಳೆ ಕಪಾಟಿನ ಮುಗ್ಗಲು ವಾಸನೆ, ಹೊಗೆ ವಾಸನೆ, ಎಣ್ಣೆ ಜಿಡ್ಡು ಇವೂ ಅರಗಿನ ಪದರದ ಕೆಳಗೆ ಉಳಿಯುತ್ತವೆ. ಡ್ರಾಯರ್ ಒಳಗೆ ಎಣ್ಣೆಯ ಪಾಲಿಶ್ ಹಚ್ಚಿದರೆ ವರ್ಷಗಟ್ಟಲೆ ಬಟ್ಟೆ ನಾರುತ್ತದೆ. ಅರಗು ಆರಿದ ಮೇಲೆ ವಾಸನೆಯೇ ಇಲ್ಲ. ಚೆಲ್ಲಿದ ನೀರಿಗೆ ಸೋಲುವ ಇದೇ ಅರಗು ಗಾಳಿಯ ತೇವವನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ಅಮೆರಿಕದ ಮ್ಯಾಡಿಸನ್‌ನ ಅರಣ್ಯ ಉತ್ಪನ್ನ ಪ್ರಯೋಗಾಲಯದ ಪರೀಕ್ಷೆಗಳಲ್ಲೂ ಇದು ಕಂಡಿದೆ. ಮಳೆಗಾಲಕ್ಕೆ ಉಬ್ಬಿ ಸಿಕ್ಕಿಕೊಳ್ಳುವ ಡ್ರಾಯರ್‌ಗೆ ಒಳಗೂ ಹೊರಗೂ ಕೆಲವು ಕೈ ಹಚ್ಚಿ ನೋಡಬಹುದು.

ಸೀಸಂ ವಿಷಯ ಬೇರೆಯೇ. ದಕ್ಷಿಣದವರ ಬೀಟೆ ಇದು. ಇದರೊಳಗಿನ ಎಣ್ಣೆಯಂಥ ಅಂಶಗಳು ಕೆಲವು ವಾರ್ನಿಶ್‌ಗಳನ್ನು ಗಟ್ಟಿಯಾಗಲು ಬಿಡುವುದೇ ಇಲ್ಲ, ದಿನಗಳು ಕಳೆದರೂ ಬೆರಳು ಅಂಟುತ್ತದೆ. ನಡುವೆ ಅರಗಿನ ತೆಳು ಪದರವಿದ್ದರೆ ಆ ಅಂಶ ಮೇಲಕ್ಕೆ ತಲುಪುವುದಿಲ್ಲ. ಆದರೆ ಸೀಸಂನ ನೇರಳೆ ಬಣ್ಣ ಸ್ಪಿರಿಟ್‌ನಲ್ಲಿ ಕರಗುವಂಥದ್ದು. ಮೈಸೂರು ಕುಸುರಿಯಂತೆ ಬಿಳಿ ಮರದ ಚೂರು ಕೂರಿಸಿದ ಹಲಗೆಯ ಮೇಲೆ ಬ್ರಷ್ ಎಳೆದರೆ ನೇರಳೆ ನೀರು ಬಿಳಿಯ ಮೇಲೆ ಹರಿಯುತ್ತದೆ, ಮತ್ತೆ ಹೋಗಿಸುವುದು ಕಷ್ಟ. ಮೊದಲ ಕೈಯನ್ನು ಅರೆ ಒಣಗಿದ ಉಂಡೆಯಿಂದ, ಬಿಳಿಯಿಂದ ದೂರ ಹೋಗುವಂತೆ, ಮುಟ್ಟಿಯೂ ಮುಟ್ಟದ ಹಾಗೆ ಎಳೆಯಬೇಕು. ಅದು ಆರಿದ ಮೇಲೆ ಭಯವಿಲ್ಲ.

ಈಗ ಗಸಿಯ ವಿಷಯ. ಪರಿಚಯದವರೊಬ್ಬರ ಹಳೆ ಸಾಗವಾನಿ ಮೇಜಿಗೆ ಒಬ್ಬ ಗುತ್ತಿಗೆದಾರ ಪಿಯು ಹೊಡೆದ. ಕೆಳಗೆ ಹಳೆಯ ಚಪಡಾ ಪಾಲಿಶ್ ಇತ್ತು. ಅದನ್ನೇ ಉಜ್ಜಿ ಸಪಾಟು ಮಾಡಿ ಮೇಲೆ ಹೊಡೆದಿದ್ದ. ವರ್ಷದೊಳಗೆ ಅಂಚಿನಲ್ಲಿ ಉಗುರು ಹಾಕಿದರೆ ಹಾಲಿನ ಕೆನೆಯಂತೆ ಪಿಯು ಎದ್ದು ಬರತೊಡಗಿತು. ‘ಅರಗಿನ ಮ್ಯಾಲ ಏನೂ ನಿಲ್ಲಂಗಿಲ್ಲ’ ಎಂದು ಗುತ್ತಿಗೆದಾರ ಕೈತೊಳೆದುಕೊಂಡ. ಅವನ ಮಾತು ಅರ್ಧ ನಿಜ. ಸಾದಾ ಚಪಡಾದಲ್ಲಿ ಸುಮಾರು ನೂರಕ್ಕೆ 5ರಷ್ಟು ಮೇಣ ಇರುತ್ತದೆ, ಪಿಯು ಜಾರುವುದು ಆ ಮೇಣದ ಮೇಲೆ. ಮೇಣ ತೆಗೆದ ಅರಗಿನ ಮೇಲೆ ಪಿಯು, ಲ್ಯಾಕರ್, ನೀರಿನ ವಾರ್ನಿಶ್, ಪೇಂಟ್ ಎಲ್ಲವೂ ಕಚ್ಚಿ ನಿಲ್ಲುತ್ತವೆ. ಒಂದಕ್ಕೊಂದು ಹೊಂದದ ಎರಡು ಪದರಗಳ ನಡುವೆ ಹಾಕಲು ಇಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಸೀಲರ್ ಎಂದು ಕೊಳ್ಳುವವರು ಮೇಣರಹಿತ ಎಂದು ಬರೆದದ್ದನ್ನೇ ಕೊಳ್ಳಬೇಕು. ಮೇಲೂ ಅರಗನ್ನೇ ಹಚ್ಚುವುದಾದರೆ ಸಾದಾ ಸಾಕು.

ಮೇಣರಹಿತದ್ದು ಸಿಗದಿದ್ದರೆ ಮನೆಯಲ್ಲೂ ಆಗುತ್ತದೆ. ತೆಳುವಾಗಿ ಕರಗಿಸಿ, ಅಲುಗಾಡಿಸದೆ ಕೆಲವು ದಿನ ಬಿಟ್ಟರೆ ಹಾಲಿನ ಬಣ್ಣದ ಮೇಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುವುದು. ಉಸ್ತಾದರು ಮಾಡುತ್ತಿದ್ದದ್ದು ಇದನ್ನೇ. ತಿಳಿ ಮೊದಲ ಕೈಗೆ ಮತ್ತು ಕೊನೆಯ ಕೈಗೆ, ಗಸಿ ರಂಧ್ರ ತುಂಬಲು. ಅವರಿಗೆ ಬೇಕಾಗಿದ್ದದ್ದು ಹೊಳಪು, ಪಿಯು ಕಚ್ಚುವ ಪ್ರಶ್ನೆಯೇ ಆಗ ಇರಲಿಲ್ಲ. ಬರಣಿ ಅಲುಗಾಡಿಸಿದ್ದಕ್ಕೆ ನಾವು ಹುಡುಗರು ಬೈಸಿಕೊಳ್ಳುತ್ತಿದ್ದೆವು. ಏಕೆ ಎಂದು ಕೇಳಿದರೆ ‘ಗಸಿ ಏಳತೈತಿ’ ಎಂಬುದಷ್ಟೇ ಉತ್ತರ.

ಬಣ್ಣದ ಆಯ್ಕೆ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. ಬಟನ್ ಲಾಕ್ ಕಂದು, ಕೇಸರಿ ಚಪಡಾ ಜೇನಿನ ಬಣ್ಣ, ಅದಕ್ಕೂ ತೆಳುವಾದದ್ದು ನಿಂಬೆ ಮತ್ತು ಬ್ಲಾಂಡ್, ರಾಸಾಯನಿಕದಿಂದ ಬಿಳುಪಾಗಿಸಿದ್ದು ಕೊನೆಗೆ. ಸಾಗವಾನಿಗೆ ಈಗಲೂ ಕೇಸರಿಯೇ ಸರಿ. ರಬ್ಬರ್ ಮರದಂಥ ಬಿಳಿಚು ಕಟ್ಟಿಗೆಗೆ ಅದನ್ನು ಹಚ್ಚಿದರೆ ಕಾಮಾಲೆ ಬಂದಂತೆ ಕಾಣುವುದರಿಂದ ಬ್ಲಾಂಡ್ ಬೇಕು. ಬಿಳುಪಾಗಿಸಿದ್ದರ ಆಯುಷ್ಯ ಎಲ್ಲಕ್ಕಿಂತ ಕಡಿಮೆ. ಯಾವ ಚಪಡಾ ಆದರೂ ತಂಪಾದ ಒಣ ಜಾಗದಲ್ಲಿರಬೇಕು. ಬಹಳ ಹಳೆಯದಾದರೆ ಸ್ಪಿರಿಟ್‌ನಲ್ಲಿ ಕರಗದೆ ಲೋಳೆಯಾಗಿ ಕೂರುತ್ತದೆ. ಕರಗಿಸಿಟ್ಟದ್ದು ಇನ್ನೂ ಬೇಗ ಕೆಡುತ್ತದೆ, ಆರು ತಿಂಗಳ ಮೇಲೆ ನಂಬುವುದು ಕಷ್ಟ. ಗಾಜಿನ ಚೂರಿನ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ: ಒಂದೆರಡು ತಾಸಿನಲ್ಲಿ ಉಗುರಿಗೆ ಗಟ್ಟಿಯಾದರೆ ಸರಿ, ಜಿಗುಟಾಗಿಯೇ ಉಳಿದರೆ ಚೆಲ್ಲಿ. ಕರಗಿಸಿಟ್ಟ ಡಬ್ಬಿ ಕೊಳ್ಳುವುದಾದರೆ ತಯಾರಾದ ತಾರೀಕು ನೋಡದೆ ದುಡ್ಡು ಕೊಡಬಾರದು.

ಸ್ಪಿರಿಟ್ ಸಿಗುವುದೇ ಈಗ ತ್ರಾಸು. ಬಣ್ಣದಂಗಡಿಗಳು ಲೈಸೆನ್ಸಿನ ತಲೆನೋವು ಬೇಡವೆಂದು ಇಡುವುದಿಲ್ಲ. ರಾಸಾಯನಿಕ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ನಿಧಾನವಾಗಿ. ಸ್ಯಾನಿಟೈಸರ್ ಆಗದು, ಅದರಲ್ಲಿ ನೀರು ಹೆಚ್ಚು. ಆದರೆ ಹಚ್ಚಿದ ಪಾಲಿಶ್ ಕೆಡಿಸಲು ಅದರಲ್ಲಿರುವ ಆಲ್ಕೋಹಾಲ್ ಸಾಕು. 2020ರಲ್ಲಿ ಊರಿನ ಹಳೆ ಮನೆಗಳ ಆರಾಮ ಕುರ್ಚಿಗಳ ಕೈಗಳೆಲ್ಲ ಅಂಟಂಟಾದದ್ದು ಹಾಗೆ. ಸ್ಯಾನಿಟೈಸರ್ ಹಚ್ಚಿದ ಅಂಗೈಗಳು ಕುರ್ಚಿಯ ಮೇಲೆ ಊರಿ ಊರಿ ಪಾಲಿಶ್ ಕರಗಿತ್ತು. ನಾನು ಸರಿಪಡಿಸಿಕೊಟ್ಟವಕ್ಕೆ ಪೂರ್ತಿ ಕೆರೆಯುವ ಗೋಜೇ ಬೀಳಲಿಲ್ಲ. ಹೊಸ ಅರಗು ಹಳೆಯದನ್ನು ತುಸು ಕರಗಿಸಿ ಅದರೊಳಗೇ ಸೇರಿಕೊಳ್ಳುವುದರಿಂದ ತೇಪೆ ಕಾಣುವುದಿಲ್ಲ. ಪಿಯು ಕೆಟ್ಟರೆ ಈ ಸೌಕರ್ಯವಿಲ್ಲ, ಇಡೀ ಹಲಗೆ ಬೋಳಿಸಬೇಕು.

ಡಬ್ಬಿಯ ಸೀಲರ್ ಕೆಟ್ಟದ್ದೆಂದು ಹೇಳುವುದಿಲ್ಲ. ಉಜ್ಜಲು ಸುಲಭವಾಗಲಿ ಎಂದು ಅದರಲ್ಲಿ ಜಿಂಕ್ ಸ್ಟಿಯರೇಟ್ ಎಂಬ ಸಾಬೂನಿನಂಥ ಪುಡಿ ಸೇರಿಸಿರುತ್ತಾರೆ. ಕಾಗದಕ್ಕೆ ಅಂಟದೆ ಬಿಳಿ ಪುಡಿಯಾಗಿ ಉದುರುತ್ತದೆ, ದಿನಕ್ಕೆ ಹತ್ತು ಬಾಗಿಲು ಮುಗಿಸುವವನಿಗೆ ಅದು ದೊಡ್ಡ ಲಾಭ. ಅದೇ ಪುಡಿ ಪದರವನ್ನು ಮೆತ್ತಗೂ ಮಾಡುತ್ತದೆ. ದಪ್ಪ ಹೊಡೆದರೆ ಮರದ ಗೆರೆ ಮಬ್ಬಾಗಿ, ಪೆಟ್ಟು ಬಿದ್ದಲ್ಲಿ ಮೇಲಿನ ಲ್ಯಾಕರ್ ಚಕ್ಕೆ ಏಳುತ್ತದೆ. ನಮ್ಮ ಕಡೆ ದಪ್ಪ ಹೊಡೆಯುವುದೇ ಹೆಚ್ಚು. ರಂಧ್ರವನ್ನೂ ಅದರಿಂದಲೇ ತುಂಬಿಸುವ ಆಸೆ.

ಉಸ್ತಾದರ ಮಗ ಈಗ ಬೆಂಗಳೂರಿನ ಪೀಣ್ಯ ಕಡೆ ಪಿಯು ಹೊಡೆಯುವ ಸ್ವಂತ ಘಟಕ ಇಟ್ಟಿದ್ದಾನೆ. ಧೂಳು ಹೀರುವ ಬೂತು, ಮುಖಕ್ಕೆ ಮಾಸ್ಕು, ತಿಂಗಳ ಸಂಬಳಕ್ಕೆ ಹುಡುಗರು. ಉಸ್ತಾದರ ತಲೆನೋವು ಅವನಿಗಿಲ್ಲ, ಮಳೆಗಾಲಕ್ಕೆ ಕೆಲಸ ನಿಲ್ಲುವುದೂ ಇಲ್ಲ. ಕಳೆದ ಸಲ ಊರಿಗೆ ಬಂದವನ ಮುಂದೆ ಮೇಣರಹಿತ ಅರಗಿನ ಮೊದಲ ಕೈ ಬಗ್ಗೆ ನನ್ನ ವಾದವನ್ನೆಲ್ಲ ಇಟ್ಟೆ. ಪೂರ್ತಿ ಕೇಳಿದ.

‘ಕಾಕಾ, ನೀವು ಹೇಳೂದು ಖರೇ. ಆದ್ರ ಕಂಪನಿಯವ್ರು ವಾರಂಟಿ ಕೊಡೂದು ಸೀಲರ್ ಅವರದ ಇದ್ರ, ಮ್ಯಾಲಿಂದೂ ಅವರದ ಇದ್ರ. ನಡುವ ಚಪಡಾ ಹೊಡದ್ರ ಬಿಲ್ಲಿನ್ಯಾಗ ಏನಂತ ಬರೀಲಿ?’

ಸೀಸಂ ಬಂದರೆ ಏನು ಮಾಡುತ್ತಿ ಎಂದು ಕೇಳಿದೆ. ಸೀಸಂ ಆರ್ಡರ್ ಹಿಡಿಯುವುದನ್ನೇ ಬಿಟ್ಟಿದ್ದಾನಂತೆ. ಗಿರಾಕಿಗೆ ಆ ಬಣ್ಣವೇ ಬೇಕೆಂದರೆ ಸೀಸಂ ಗೆರೆ ಅಚ್ಚು ಹಾಕಿದ ಲ್ಯಾಮಿನೇಟ್ ತೋರಿಸುತ್ತಾನೆ.